ಮರಿ ಕೇಳಿದವರನ್ನು ಕಟ್ಟಿಹಾಕಿದ ಕಂಪೌಂಡರ್

ತೊಂಬತ್ತರ ದಶಕದಲ್ಲಿ ಅಂಕಲಿಯ ನಮ್ಮ ಓಣಿಯಲ್ಲಿ ದನದ ದವಾಖಾನೆಯ ಕಂಪೌಂಡರೊಬ್ಬರಿದ್ದರು. ಅವರ ಮನೆಯ ಅಲ್ಸೇಶಿಯನ್ ನಾಯಿ ಈದಾಗಲೆಲ್ಲ ಮರಿ ಕೇಳಲು ಜನ ಬರುತ್ತಿದ್ದರು. ಕಂಪೌಂಡರ್ ಕನ್ನಡಕ ಒರೆಸುತ್ತ, "ನಾಯಿ ಸ್ವಭಾವ ನನಗ ಗೊತ್ತೈತ್ರಿ, ನಿಮ್ಮದು ಹೇಳ್ರಿ" ಎನ್ನುತ್ತಿದ್ದರು.

ಒಮ್ಮೆ ಸತ್ತಿ ಊರಿನಿಂದ ದ್ರಾಕ್ಷಿ ತೋಟದ ಸಾವಕಾರರೊಬ್ಬರು ಬಂದರು. "ತ್ವಾಟದಾಗ ದಿನಾ ಹಗಲೆಲ್ಲ ಕಟ್ಟಿಹಾಕ್ತೀನ್ರಿ" ಎಂದರು.

"ಈ ಜಾತಿಗೆ ಓಡಾಟ ಬೇಕ್ರಿ. ಒಂದ್ ತಾಸು ನೀವ ಕುಂತು ನೋಡ್ರಿ."

ಕಂಪೌಂಡರ್ ನಾಯಿಯ ಸರಪಳಿಯನ್ನು ಅವರ ಸೊಂಟಕ್ಕೆ ಸುತ್ತಿ ಬೇವಿನ ಮರಕ್ಕೆ ಕಟ್ಟಿದರು. ಸಾವಕಾರರು ಮೊದಲು ನಗುತ್ತಲೇ ಕುಳಿತರು. ಅರ್ಧ ತಾಸಿನಲ್ಲಿ ಹಾದಿಹೋಕರನ್ನೆಲ್ಲ, "ಯಾರಲೇ ಅದು? ಏನ್ ನೋಡ್ತಿ?" ಎಂದು ಗದರತೊಡಗಿದರು. ಸಂತೆ ಮುಗಿಸಿ ಬಂದ ತಮ್ಮ ಹೆಂಡತಿಯನ್ನೂ ಬಿಡಲಿಲ್ಲ.

"ಕಟ್ಟಿದ್ರ ಎಂಥಾ ಜಾತಿನೂ ಹಿಂಗ ಆಗತೈತ್ರಿ" ಎಂದರು ಕಂಪೌಂಡರ್.

ಆಕೆ ದೂರವೇ ನಿಂತು, "ಬಿಚ್ಚಿದ್ರ ಕಡಿತಾರೇನ್ರಿ?" ಎಂದು ಕೇಳಿದರು.

ಕಂಪೌಂಡರ್ ಗಂಭೀರವಾಗಿ ಯೋಚಿಸಿದರು. ಮೊದಲು ಒಂದು ಮರಿಯನ್ನು ತಂದು ಆಕೆಯ ಕೈಗೆ ಕೊಟ್ಟರು. ಗಂಡನನ್ನು ಬಿಚ್ಚಿದ್ದು ಆಮೇಲೆ.