ಗಂಗಮ್ಮನಿಗೆ ಬಿಟ್ಟ ಮೀನು

ಹಸಿ ಮೀನಿಗೆ ಅರಿಸಿನ ಸವರಿದ ವಾಸನೆ ಮೂಗಿಗೆ ಬಿದ್ದರೆ ಸಾಕು, ಮೇಲೂರಿನ ಕೆರೆ ಏರಿಯ ಕೆಳಗಿದ್ದ ನಮ್ಮ ಮನೆ, ಗೂಟದಲ್ಲಿ ನೇತಾಡುತ್ತಿದ್ದ ಬಲೆಗಳು, ಬಾಯಿತುಂಬ ಎಲೆಯಡಿಕೆ ಹಾಕಿಕೊಂಡ ಅಜ್ಜಿ, ಎಲ್ಲ ಎದ್ದು ಬರುತ್ತವೆ. ಐವತ್ತರ ದಶಕದ ಮಾತು. ಈಗ ಆ ಮನೆಯೂ ಇಲ್ಲ, ಬಲೆ ಹೆಣೆಯುವವರೂ ಇಲ್ಲ. ನಾವು ಬೆಸ್ತರು. ಬೇಸಿಗೆಯಲ್ಲಿ ಕೆರೆಯ ನೀರು ಇಳಿದಾಗ ಹಿಡಿದ ಮೊದಲ ಮೀನು ಗಂಗಮ್ಮನದು. ಅದಕ್ಕೆ ಅರಿಸಿನ ಕುಂಕುಮ ಇಟ್ಟು ನೀರಿಗೆ ಬಿಡಬೇಕು. ಆಳಕ್ಕೆ ಹೋದರೆ ಗಂಗಮ್ಮ ಒಪ್ಪಿದಳು ಅಂತ. ತೇಲಿದರೆ ಯಾರೋ ತಪ್ಪು ಮಾಡಿದ್ದಾರೆ ಅಂತ. ಅಲ್ಲಿಯವರೆಗೆ ಯಾರೂ ಬಲೆ ಬೀಸುವಂತಿರಲಿಲ್ಲ.

ನಾನು ಮೂರನೇ ಕ್ಲಾಸಿನಲ್ಲಿದ್ದ ವರ್ಷ ಪೂಜೆಗೆ ಮುಂಚೆಯೇ ತೂಬಿನ ಹತ್ತಿರ ಮೀನಿನ ಹುರುಪೆ ಬಿದ್ದಿತ್ತು. ಅವತ್ತೇ ನಮ್ಮ ಚಿಕ್ಕಪ್ಪನ ಬಲೆ ಒದ್ದೆಯಾಗಿತ್ತು. "ಯಾಕೋ ಒದ್ದೆ?" ಅಂದರು ಅಪ್ಪ. "ಗಂಟು ಬಿಗೀಲಿ ಅಂತ ನೆನೆಸಿದ್ದೆ ಕಣಣ್ಣ." ಅಪ್ಪ ನಂಬಲಿಲ್ಲ. ಕೇರಿಯವರು ಅವನ ಕೈಯಿಂದ ಬೀಡಿಯನ್ನೂ ತೆಗೆದುಕೊಳ್ಳದಾದರು. ನಾನಂತೂ ಅವನು ಮಲಗಿದ್ದಾಗ ಅಂಗೈ ಮೂಸಿ ನೋಡಿದ್ದೆ. ಬೆಸ್ತರ ಅಂಗೈ, ಮೀನು ನಾರದೆ ಮಲ್ಲಿಗೆ ನಾರುತ್ತದೆಯೇ? ಕೊನೆಗೆ ಚಿಕ್ಕಪ್ಪನೇ ಅಂದ, "ಗಂಗಮ್ಮನೇ ಹೇಳ್ಲಿ ಬಿಡಿ. ಮೀನು ತೇಲಿದ್ರೆ ನಾನಿನ್ನು ಕೆರೆಗೆ ಇಳಿಯಲ್ಲ."

ಪ್ರತಿ ವರ್ಷ ಕುಂಕುಮ ಇಟ್ಟ ತಕ್ಷಣ ಮೀನು ಬಿಟ್ಟುಬಿಡುತ್ತಿದ್ದ ಅಜ್ಜಿ, ಆ ಸಲ ಅದನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿಕೊಂಡು ನಿಂತೇಬಿಟ್ಟಳು. "ತಲ್ಲೀ, ನನ್ನ ಮಗ ಅಂಥೋನಲ್ಲ ಕಣಮ್ಮ. ಅವನ ಕೈ ಬಿಡಬೇಡ." ಬೇಡಿದಳು, ಅತ್ತಳು, ಮತ್ತೆ ಬೇಡಿದಳು. ದೇವರ ಹತ್ತಿರ ಮಾತಾಡುವವಳನ್ನು ತಡೆಯುವವರು ಯಾರು? ಮೀನು ಬಾಯಿ ಬಾಯಿ ಬಿಡುತ್ತಿತ್ತು, ಆಮೇಲೆ ಬಿಡಲಿಲ್ಲ. ನೀರಿಗೆ ಹಾಕಿದಾಗ ಹೊಟ್ಟೆ ಮೇಲಾಗಿ ತೇಲಿತು. ಚಿಕ್ಕಪ್ಪ ಬಲೆ ಮಡಿಸಿ ಅಪ್ಪನ ಕಾಲ ಬಳಿ ಇಟ್ಟ. ಜಂಗಮಕೋಟೆಗೆ ಹೋಗಿ ರೇಷ್ಮೆಹುಳುವಿಗೆ ಸೊಪ್ಪು ಕೊಯ್ಯುವ ಕೂಲಿಗೆ ಸೇರಿದವನು, ಸಾಯುವವರೆಗೂ ಯಾವ ಕೆರೆಗೂ ಇಳಿಯಲಿಲ್ಲ.

ಅವನು ಕದ್ದಿದ್ದನೋ ಇಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ. ಗಂಗಮ್ಮನಿಗಾದರೂ ಹೇಳಲು ಅವಕಾಶ ಎಲ್ಲಿತ್ತು, ಮೀನು ಅವಳ ಕೈಗೆ ಜೀವಂತ ಸೇರಲೇ ಇಲ್ಲವಲ್ಲ. ಇದು ಅಜ್ಜಿಗೂ ಹೊಳೆದಿತ್ತು ಅಂತ ನನ್ನ ಗುಮಾನಿ. ಆಮೇಲೆ ಅವಳು ಯಾವ ದೇವರ ಮುಂದೆಯೂ ಏನನ್ನೂ ಬೇಡಿದ್ದು ನಾನು ಕೇಳಲಿಲ್ಲ. ದೀಪ ಹಚ್ಚಿ, ಕೈ ಮುಗಿದು, ಬೇಗ ಎದ್ದುಬಿಡುತ್ತಿದ್ದಳು.