ಶೈಲಾಳ ಫೋನಿಗೆ ಬರುತ್ತಿದ್ದ ಮೇಲ್‌ಗಳು

ಚೆಂಬೂರಿನ ಹಳೆಯ ಕಾಲನಿಯೊಂದರ ಮೂರನೇ ಮಾಳಿಗೆಯಲ್ಲಿ ಶೈಲಾ ಒಬ್ಬಳೇ ಇರುತ್ತಾಳೆ. ಮನೆಯವರು ಮೂಲ ವಿಜಯಪುರದ ಕಡೆಯವರು. ತಂದೆ ಕಾರಖಾನೆಯ ಕೆಲಸಕ್ಕೆಂದು ಬಂದು ಇಲ್ಲೇ ನಿಂತರು. ಅವಳಿಗೀಗ ನಲವತ್ತೆಂಟು. ಮದುವೆಯ ಮಾತು ಎರಡು ಸಲ ಬಂದು ಎರಡು ಸಲವೂ ಮುರಿಯಿತು, ಆಮೇಲೆ ಯಾರೂ ಎತ್ತಲಿಲ್ಲ. ಅವ್ವ ತೀರಿಕೊಂಡು ಮೂರು ವರ್ಷವಾಯಿತು. ಹಗಲೆಲ್ಲ ವಿಲೆ ಪಾರ್ಲೆಯ ಆಫೀಸಿನಲ್ಲಿ ಕಂಪ್ಯೂಟರ್ ಕೆಲಸ. ಸಂಜೆ ಲೋಕಲ್ ರೈಲಿನಲ್ಲಿ ನಿಂತೇ ಬಂದು, ಬೀಗ ತೆಗೆದು, ಒಬ್ಬಳಿಗಾಗುವಷ್ಟು ಅನ್ನಕ್ಕಿಟ್ಟರೆ ಅಲ್ಲಿಗೆ ಮನೆಗೆಲಸ ಮುಗಿಯಿತು.

ಆಮೇಲೆ ಅವಳ ಇನ್ನೊಂದು ಕೆಲಸ. ಕಣ್ಣು ಕಾಣದವರಿಗೆ ಫೋನಿನಲ್ಲಿರುವ ಕನ್ನಡವನ್ನು ಗಟ್ಟಿಯಾಗಿ ಓದಿ ಹೇಳುವ ಪ್ರೋಗ್ರಾಂ ಒಂದಿದೆ. ಅದಕ್ಕೆ ಮಾಲೀಕರಿಲ್ಲ, ಬೆಲೆಯಿಲ್ಲ. ಬೇರೆ ಬೇರೆ ಊರಿನ ನೂರಾ ನಲವತ್ತು ಜನ ಬಿಡುವಾದಾಗ ಬರೆದು ಬೆಳೆಸಿದ್ದು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಸಾಲುಸಾಲಾಗಿ ಓದಿ 'ಸರಿ ಇದೆ' ಅನ್ನದ ಹೊರತು ಒಳಗೆ ಸೇರಿಸುವ ಹಾಗಿಲ್ಲ. ಸಾರಿನ ಉಪ್ಪು ಬೇರೆಯವರ ನಾಲಿಗೆಗೆ ಒಪ್ಪಿದ ಮೇಲೆ ಪಂಕ್ತಿಗೆ ಬಡಿಸಿದಂತೆ. ಶೈಲಾ ಆರು ವರ್ಷದಿಂದ ಅಂಕಿಗಳ ಭಾಗ ನೋಡಿಕೊಳ್ಳುತ್ತ, ಉಳಿದವರು ಬರೆದದ್ದನ್ನೂ ಹೀಗೆ ಓದಿ ತಪ್ಪು-ಸರಿ ಹೇಳುತ್ತಿದ್ದಳು. ಯಾರು ಏನು ಹೇಳಿದರೂ ಅದು ಮೇಲ್ ಆಗಿ ಎಲ್ಲರ ಫೋನಿಗೂ ಹೋಗುತ್ತಿತ್ತು.

ಅವಳಿಗೊಂದು ರೂಢಿ. ತಪ್ಪನ್ನು ಮೆತ್ತಗೆ ತೋರಿಸಿ, ಕೊನೆಗೆ "ಊಟ ಆತೇನು?" ಅಂತ ಬರೆಯದೆ ಕಳಿಸುತ್ತಿರಲಿಲ್ಲ. ಅವಳ ಮನೆತನದಲ್ಲಿ ಅದನ್ನು ಕೇಳದೆ ಮಾತು ಮುಗಿಸಿದವರೇ ಇಲ್ಲ. ಕೇಳಿದ ಮೇಲೆ ಜನ ಸುಮ್ಮನಿರುತ್ತಾರೆಯೇ? ಧಾರವಾಡದವರು "ಆತ್ರಿ, ಝುಣಕಾ ರೊಟ್ಟಿ" ಅನ್ನುವರು. ಕುಂದಾಪುರದವರು "ಇಲ್ಲ ಮಾರಾಯ್ರೆ, ಮೀನು ಇನ್ನೂ ಒಲೆ ಮೇಲಿತ್ತ್" ಅನ್ನುವರು. ಅವೂ ನೂರಾ ನಲವತ್ತು ಕಡೆ ಹೋಗುವವು. ಶೈಲಾ ತಾಟಿನ ಮುಂದೆ ಫೋನ್ ನಿಲ್ಲಿಸಿಕೊಂಡು, ಒಂದೊಂದನ್ನೇ ಓದುತ್ತ ತುತ್ತು ಎತ್ತುವಳು.

ಫೋನಿನ ಟಿಣ್ ಟಿಣ್ ಸದ್ದು ಪಕ್ಕದ ಮನೆಯ ನೀಲಾಬಾಯಿಗೂ ಕೇಳುತ್ತಿತ್ತು. "ಏನಬೇ ಶೈಲಾ, ಮೊಬೈಲ್‌ನ್ಯಾಗ ಕೋಳಿ ಸಾಕೀಯೇನ? ಒಂದ ಸವನ ಕೂಗತಾವಲ್ಲ!" ಅನ್ನುವಳು. ಶೈಲಾಳಿಗೆ ಒಳಗೊಳಗೇ ಹೆಮ್ಮೆ.

ಒಂದು ರವಿವಾರ ಬೆಳಿಗ್ಗೆ ಸಂದೀಪನ ಫೋನ್ ಬಂತು. ಅವನು ಸಾಂತಾಕ್ರೂಜ್‌ನವನು, ಈ ಗುಂಪಿನ ಉಸ್ತುವಾರಿ ನೋಡುವವನು.

"ಅಕ್ಕಾರ, ಹೆಂಗ ಹೇಳಬೇಕೋ ತಿಳೀವಲ್ದು. ತಪ್ಪು ತಿಳಕೋಬ್ಯಾಡ್ರಿ."

"ಹೇಳೋ, ನಿನ್ನ ಮ್ಯಾಲೆ ನಾ ಯಾವಾಗ ಸಿಟ್ಟಾಗೀನಿ?"

"ಬೆಳಗಾವಿ ವಂದನಾ ಅದಾರಲ್ರಿ, ಕಣ್ಣು ಕಾಣಲ್ದವರು, ಆಫೀಸಿನ್ಯಾಗ ಸಾಹೇಬ್ರಿಗೆ ಫೋನ್ ಜೋಡಿಸಿಕೊಡೋರು. ನಮ್ಮ ಪ್ರೋಗ್ರಾಂ ಫೋನ್ ನಂಬರಿನ ಕಡೀ ಅಂಕಿ ನುಂಗಿಬಿಡ್ತಿತ್ತು. ಅವರು ಗೊತ್ತಾದ ದಿನಾನ ಮೇಲ್ ಹಾಕ್ಯಾರ. ಒಂಬತ್ತು ದಿನ ಯಾರೂ ನೋಡಿಲ್ಲ. ನಂಬರ್ ತಪ್ಪಿ ಸಾಹೇಬ್ರ ಕಡಿಂದ ದಿನಾ ಬೈಸಿಕೊಂಡಾರ."

"ಅಯ್ಯ, ಅಂಕಿ ಭಾಗ ನಂದ ಅಲ್ಲೇನೋ!"

"ಹೌದ್ರಿ. ಮ್ಯಾಲೆ ಅವರ ಫೋನ್ ಎಲ್ಲಾ ಮೇಲ್ ಗಟ್ಟಿಯಾಗಿ ಓದತೈತಿ. ಆಫೀಸಿನ್ಯಾಗ ಕುಂತಾಗ ಒಂದ ದಿನಕ್ಕ ಹನ್ನೊಂದು ಸಲ 'ಊಟ ಆತೇನು' ಅಂತಂತ. ಮಂದಿ ನಗ್ತಾರಂತ."

ಶೈಲಾ ನಗಲಿಲ್ಲ. ಸಂದೀಪನೇ ಮುಂದುವರಿಸಿದ.

"ಯಾರು ಯಾವ ಭಾಗ ನೋಡ್ತಾರೋ ಅವರಿಗಷ್ಟ ಮೇಲ್ ಹೋಗೋ ಹಂಗ ಮಾಡೂಣ್ರಿ. ಯಾರಿಗೆ ಯಾವ ಭಾಗ ಅನ್ನೋ ಯಾದಿ ನೀವ ಬರೀರಿ. ಎಲ್ಲಾರ ಗುರುತು ಇರೋದು ನಿಮಗ ಒಬ್ಬರಿಗೆ. ನಿಮ್ಮ ಹೆಸರಿಗೆ ಎಲ್ಲಾ ಮೇಲ್ ಬರ್ಲಿ ಅಂದ್ರ ಬರ್ಲಿ. ಅದು ನಿಮಗ ಬಿಟ್ಟದ್ದು."

ಫೋನ್ ಇಟ್ಟು ಅವಳು ಹಳೆಯ ಮೇಲ್‌ಗಳನ್ನು ಹುಡುಕಿದಳು. ವಂದನಾಳದು ಅವಳಿಗೂ ಬಂದಿತ್ತು. ಅದರ ಮೇಲಿನದು ಕುಂದಾಪುರದ ಮೀನಿನದು. ಅದನ್ನು ಎರಡು ಸಲ ಓದಿದ್ದು ಅವಳಿಗೆ ಚೆನ್ನಾಗಿ ನೆನಪಿದೆ. ಕೆಳಗಿನದರಲ್ಲಿ ಊಟದ ಸುದ್ದಿ ಇಲ್ಲವೆಂದು ಬೆರಳಿನಿಂದ ಸರಿಸಿಬಿಟ್ಟಿದ್ದಳು. ಮೊದಲು ಅಂಕಿಯ ತಪ್ಪು ತಿದ್ದಿದಳು, ಸಂದೀಪನಿಂದ ಓದಿಸಿ ಒಳಗೆ ಸೇರಿಸಿದಳು. ವಂದನಾಳಿಗೆ ತಪ್ಪಾಯಿತು ಅಂತ ಬರೆದಳು, ಕೊನೆಗೆ ಏನೂ ಕೇಳಲಿಲ್ಲ.

ಯಾದಿಗೆ ನಾಲ್ಕು ಸಂಜೆ ಹಿಡಿಯಿತು. ಒತ್ತಕ್ಷರ ಇವರಿಗೆ, ಉಸಿರು ನಿಲ್ಲಿಸುವ ಜಾಗ ಅವರಿಗೆ ಎಂದು ನೂರಾ ನಲವತ್ತು ಹೆಸರಿನ ಮುಂದೆ ಅವರವರ ಭಾಗ ಬರೆದಳು. 'ಎಲ್ಲಾ ಮೇಲ್' ಎಂಬ ಸಾಲಿನಲ್ಲಿ ಸಂದೀಪನ ಹೆಸರಾಯಿತು. ಅದರ ಕೆಳಗೆ ತನ್ನ ಹೆಸರು ಬರೆದಳು, ಅಳಿಸಿದಳು, ಮತ್ತೆ ಬರೆದಳು. ಇದ್ದರೆ ಯಾರೂ ಬೇಡ ಅನ್ನುವುದಿಲ್ಲ. ಆದರೆ ಇಷ್ಟು ಮೇಲ್ ಬಂದರೆ ತಾನು ಯಾವುದನ್ನು ಮೊದಲು ತೆರೆಯುವವಳು ಎಂಬುದು ಈಗ ಅವಳಿಗೆ ಗೊತ್ತಾಗಿತ್ತು. ಅಳಿಸಿದಳು. 'ಅಂಕಿಗಳು' ಎಂಬಲ್ಲಿ ಮಾತ್ರ ಶೈಲಾ ಎಂದಿಟ್ಟು ಕಳಿಸಿದಳು.

ಮಾರನೆಯ ದಿನ ಒಂದೂ ಬರಲಿಲ್ಲ. ಅದರ ಮರುದಿನವೂ ಇಲ್ಲ. ಅಂಕಿಗಳನ್ನು ಯಾರು ದಿನಾ ಮುಟ್ಟುತ್ತಾರೆ? ಊಟಕ್ಕೆ ಕೂತರೆ ಕುಕ್ಕರ್ ಆರುವ ಸದ್ದೂ ಕೇಳುತ್ತಿತ್ತು. ನೀಲಾಬಾಯಿ ಬಾಗಿಲಿಗೆ ಬಂದು, "ಮೊಬೈಲ್ ಬಂದ್ ಬಿದ್ದೈತೇನ? ರಿಪೇರಿ ಅಂಗಡಿ ತೋರಸ್ಲಿ?" ಅಂದಳು.

"ಇಲ್ರಿ ಮೌಶಿ, ಛಲೋ ಐತಿ."

"ಹಂಗಾದ್ರ ಮಾತಾಡವಲ್ದ್ಯಾಕ?"

"ಕೆಲಸ ಇದ್ದಾಗ ಮಾತಾಡತೈತಿ ಈಗ."

ಎರಡು ವಾರ ಕಳೆದ ಮೇಲೆ ಒಂದು ಶನಿವಾರ ಮಧ್ಯಾಹ್ನ ಫೋನ್ ಸದ್ದು ಮಾಡಿತು. ಶೈಲಾ ಅರಿವೆ ಒಣಹಾಕುತ್ತಿದ್ದವಳು ಒದ್ದೆ ಕೈಯಲ್ಲೇ ಓಡಿದಳು. ವಂದನಾಳದು. ಸೊನ್ನೆಯಿಂದ ಶುರುವಾಗುವ ನಂಬರಿನಲ್ಲಿ ಆ ಸೊನ್ನೆ ಎರಡು ಸಲ ಓದುತ್ತಿದೆ, ಅವಸರವಿಲ್ಲ, ನೋಡಿರಿ ಎಂದಿತ್ತು. ಶೈಲಾ ನೋಡಿದಳು, ಸಿಕ್ಕಿತು, ಎರಡೇ ಸಾಲಿನ ಕೆಲಸ. ಸಂಜೆಯೊಳಗೆ ಸಂದೀಪ 'ಸರಿ ಇದೆ' ಅಂದ. ಅಲ್ಲಿಗೆ ಮುಗಿಯಿತು, ಮತ್ತೆ ಬರೆಯುವಂಥದ್ದು ಯಾರಿಗೂ ಏನೂ ಉಳಿಯಲಿಲ್ಲ.

ಊಟಕ್ಕೆ ಕೂತಾಗ ವಂದನಾಳ ಮೇಲ್ ತೆರೆದು ತಾಟಿನ ಮುಂದೆ ನಿಲ್ಲಿಸಿಕೊಂಡಳು. ನಾಲ್ಕೇ ಸಾಲು. ಅನ್ನ ಮುಗಿಯುವ ತನಕ ಅದನ್ನೇ ಓದಿದಳು.