ಅಪ್ಪನ ನೋವಿಗೆ ಅಣ್ಣನ ಉತ್ತರ

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಅಪ್ಪನಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಎಂದು ಗೊತ್ತಾಗಿ, ದೂರದ ಊರಿನ ಆಸ್ಪತ್ರೆಯೊಂದರಲ್ಲಿ ವೃಷಣಗಳನ್ನು ತೆಗೆದರು. ರೋಗ ಬೆಳೆಯದಿರಲು ಅದೇ ದಾರಿ ಎಂದರು. ರಕ್ತಪರೀಕ್ಷೆಯಲ್ಲಿ ರೋಗದ ಅಂಕಿ ಇಳಿಯಿತು. ಡಾಕ್ಟರು ರಿಪೋರ್ಟು ನೋಡಿ, "ಭಾಳ ಚಲೋ ಅದ" ಎಂದರು. ಅಪ್ಪನ ಮುಖ ನೋಡಲಿಲ್ಲ.

ಅಪ್ಪ ಬೈಲಹೊಂಗಲದ ಮಾರುಕಟ್ಟೆಯಲ್ಲಿ ಶೇಂಗಾ ದಲಾಲಿ ಮಾಡಿದವನು. ಹರಾಜಿನಲ್ಲಿ ಅವನು ಕೂಗಿದರೆ ಗೇಟಿನ ತನಕ ಕೇಳುತ್ತಿತ್ತು. ಅಂಥವನು ಆಪರೇಷನ್ ಆದ ಮೇಲೆ ಅಂಗಡಿಗೆ ಹೋಗುವುದನ್ನೇ ಬಿಟ್ಟ. ಮುರಗೋಡದ ಮಠವನ್ನೂ ಬಿಟ್ಟ. ಚಳಿಯಲ್ಲೂ ಕುಳಿತಲ್ಲೇ ಬೆವೆತು ಅಂಗಿ ಬಿಚ್ಚುತ್ತಿದ್ದ. ಧೋತರ ಒದ್ದೆಯಾದೀತೆಂದು ನೀರು ಕುಡಿಯಲು ಹೆದರುತ್ತಿದ್ದ. ನಾನು ಆಗ ಯರಗಟ್ಟಿಯಲ್ಲಿ ಶಾಲೆಯ ಶಿಕ್ಷಕಿ. ರಜೆಗೆ ಬಂದಾಗ ಅವ್ವ ಅಡುಗೆಮನೆಯಲ್ಲಿ ಇದನ್ನೆಲ್ಲ ಪಿಸುಗುಟ್ಟುತ್ತಿದ್ದಳು. ಅಣ್ಣನಿಗೆ ಹೇಳಿದರೆ, "ವಯಸ್ಸಾತು, ಹಂಗ ಆಗೂದ" ಎಂದು ಎದ್ದು ಹೋಗುತ್ತಿದ್ದ.

ಮುಂದಿನ ಸಲ ಆಸ್ಪತ್ರೆಗೆ ನಾನೂ ಹೋದೆ. ಪಡಸಾಲೆಯ ಬೆಂಚಿನ ಮೇಲೆ, ಹತ್ತಾರು ಜನರ ನಡುವೆ ಅಪ್ಪ, ಅಣ್ಣ, ನಾನು ಕುಳಿತಿದ್ದಾಗ ಅಲ್ಲಿಯ ನೌಕರನೊಬ್ಬ ಬಂದು ನಿಂತ. ರೋಗಿಗಳಿಗೆ ಹೇಗನ್ನಿಸುತ್ತದೆ ಎಂದು ಕೇಳಿ ಹಾಳೆಯಲ್ಲಿ ಅಂಕ ಹಾಕಿಕೊಳ್ಳುವ ಕೆಲಸ ಅವನದು. ಮೂತ್ರ ತಡೆಯಲು ಆಗುತ್ತದೆಯೇ ಎಂದು ಗಟ್ಟಿಯಾಗಿ ಓದಿದ.

"ಆರಾಮ ಅದಾರ್ರಿ" ಎಂದ ಅಣ್ಣ.

"ನೋವು?"

"ಏನೂ ಇಲ್ರಿ. ಸೊನ್ನಿ ಹಾಕ್ರಿ."

ಗಂಡಹೆಂಡಿರ ಸಂಬಂಧದ ಬಗ್ಗೆ ಒಂದು ಪ್ರಶ್ನೆಯಿತ್ತು. ಅಣ್ಣ ನಕ್ಕ. "ಈ ವಯಸ್ಸಿನಾಗ ಏನ್ರಿ ಅದು!" ನೌಕರನೂ ನಕ್ಕ. ಅಪ್ಪ ತಲೆ ತಗ್ಗಿಸಿ ಕುಳಿತಿದ್ದ.

"ಅವರಿಗೆ ಬಾಯಿ ಐತಿ. ನೀ ಯಾಕ ಹೇಳಾಕ ಹತ್ತಿ?" ಎಂದೆ.

"ಮಂದಿ ಮುಂದ ಇದನ್ನೆಲ್ಲ ಹೇಳಸ್ತಿಯೇನ ಅವರ ಕಡೆಯಿಂದ?"

ಆ ಮಾತು ನಿಜವಾಗಿತ್ತು. ನೌಕರನ ಕಡೆ ತಿರುಗಿದೆ. "ಒಂದು ಖೋಲಿಯೊಳಗ ಕುಂಡ್ರಿಸಿ, ಬಾಗಲಾ ಹಾಕಿ, ಅವರೊಬ್ಬರನ್ನ ಕೇಳ್ರಿ. ನಾವಿಬ್ರೂ ಹೊರಗಿರತೇವಿ."

"ಖೋಲಿ ಎಲ್ಲಿಂದ ತರ್ಲಿ ಅಕ್ಕಾರ? ಮುಗೀತಲ್ಲ, ಹೋಗ್ರಿ."

ಆಗ ಅಪ್ಪ ಒಂದು ಕೈ ಸೊಂಟಕ್ಕಿಟ್ಟು, ಗೋಡೆ ಹಿಡಿದು ಎದ್ದ. "ಸೊನ್ನಿ ಅಂತ ಯಾರಂದ್ರು? ಟೊಂಕ ಹರಕೊಂಡು ಹೋಗಾಕ ಹತ್ತೈತಿ. ನನ್ನ ನೋವು ನನ್ನ ಕೇಳ್ರಿ!"

ಆ ಕೂಗಿಗೆ ಡಾಕ್ಟರು ಬಾಗಿಲು ತೆರೆದು ಹೊರಬಂದರು. ಖೋಲಿ ತಕ್ಷಣ ಸಿಕ್ಕಿತು.

ಅಪ್ಪ ಆ ನೌಕರನೊಂದಿಗೆ ಬಹಳ ಹೊತ್ತು ಒಳಗಿದ್ದ. ಮಾತು ಮುಗಿದ ಮೇಲೆ ಎಲುಬಿನ ಸ್ಕ್ಯಾನ್ ಮಾಡಿಸಿದರು. ರೋಗ ಸೊಂಟದ ಎಲುಬಿಗೆ ಇಳಿದಿತ್ತು. "ಮೊದಲ ಹೇಳಬಾರದೇನ್ರಿ ಎಜಮಾನ್ರ?" ಎಂದರು ಡಾಕ್ಟರು. ನಾನು ಸುಮ್ಮನಿರಲಿಲ್ಲ. "ಯಾರಿಗೆ ಹೇಳಬೇಕಿತ್ರಿ? ಇಷ್ಟು ದಿನಾ ಕೇಳಿದವರ‍್ಯಾರು?" ಅವರು ಔಷಧದ ಚೀಟಿ ಬರೆಯತೊಡಗಿದರು.

ತಿರುಗಿ ಬರುವಾಗ ಬಸ್ಸಿನಲ್ಲಿ ಅಣ್ಣ ಮುಂದಿನ ಸೀಟಿನಲ್ಲಿ ಮುಖ ಊದಿಸಿಕೊಂಡು ಕುಳಿತಿದ್ದ. ಅಪ್ಪ ಕಿಟಕಿಯ ಕಡೆ ನೋಡುತ್ತಲೇ ನನಗೆ ಹೇಳಿದ, "ಖೋಲಿಯೊಳಗ ಆಂವ, ಮನಸ್ಸಿಗೆ ಹೆಂಗ ಅನ್ನಸ್ತೈತಿ ಅಂತ ಕೇಳಿದ. ಗಂಡಸರ ಲೆಕ್ಕದಾಗ ನಾ ಇಲ್ಲ ಅನ್ನಸ್ತೈತಿ ಅಂದೆ." ಅವನ ಕೈ ಹಿಡಿದುಕೊಂಡೆ.

ಸೊಂಟಕ್ಕೆ ರೇಡಿಯೇಶನ್ನಿನ ಕರೆಂಟು ಕೊಟ್ಟರು, ನೋವಿನ ಗುಳಿಗೆ ಬದಲಿಸಿದರು. ಅಪ್ಪನಿಗೆ ನಿದ್ದೆ ಬರತೊಡಗಿತು. ಕೈಚೀಲದೊಳಗೆ ಒಂದು ಒಣ ಧೋತರ ಮಡಚಿಟ್ಟುಕೊಂಡು ಮತ್ತೆ ಅಂಗಡಿಗೆ ಹೋಗಿ ಕುಳಿತ. ಬೆವರು ಮಾತ್ರ ನಿಲ್ಲಲೇ ಇಲ್ಲ. ಎರಡು ವರ್ಷ ಬದುಕಿದ.

ಮಣ್ಣು ಮಾಡಿ ಬಂದ ಮೇಲೆ ಮಾತಾಡಿಸಲು ಬಂದವರಿಗೆಲ್ಲ ಅಣ್ಣ ಹೇಳುತ್ತಿದ್ದ, "ಪುಣ್ಯವಂತ. ಕಡೀತನಾ ಏನೂ ತ್ರಾಸ ಇರಲಿಲ್ಲ."

ಹೆಂಗಸರ ನಡುವೆ ಕುಳಿತಿದ್ದ ನಾನು ಎದ್ದು ನಿಂತೆ.

"ಇತ್ತು," ಎಂದೆ. "ಭಾಳ ಇತ್ತು."